ನಾವು ಬರೀ ಕಿಲೋಮೀಟರು

ಗೋವಾದ ಕಡಲಿನಿಂದ ಆಂಧ್ರದ ಕಡಲಿಗೆ ಈಗ ರಾಷ್ಟ್ರೀಯ ಹೆದ್ದಾರಿಯಲ್ಲೇ ಹೋಗಬಹುದು ಎಂಬುದು ರೋಣ, ನರಗುಂದ, ಗಜೇಂದ್ರಗಡದ ಜನರಿಗೆ ಹೆಮ್ಮೆಯ ಸಂಗತಿ. ಪಣಜಿಯಲ್ಲಿ ಗಾಡಿ ಹತ್ತಿದವರು ಅನಮೋಡ ಘಾಟ್ ಏರಿ, ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ 67ನೇ ಹೆದ್ದಾರಿ ಹಿಡಿಯುತ್ತಾರೆ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುತ್ತಿ, ತಾಡಪತ್ರಿ ಅಂತ ಊರು ಒಂದೊಂದಾಗಿ ಹಿಂದೆ ಬೀಳುತ್ತವೆ. ನೆಲ್ಲೂರು ದಾಟಿದರೆ ಕೃಷ್ಣಪಟ್ಟಣಂ ಬಂದರು. ಅಲ್ಲಿ ಇಳಿದು ಬಂಗಾಳ ಕೊಲ್ಲಿಯಲ್ಲಿ ಕಾಲು ತೊಳೆಯಬಹುದು. ಇಷ್ಟು ದೊಡ್ಡ ರಸ್ತೆ ನಮ್ಮ ಮೂರೂ ಊರುಗಳನ್ನು ಮುಟ್ಟದೆ ಎಷ್ಟು ನಾಜೂಕಾಗಿ ಹೋಗಿದೆ ಎಂಬುದೇ ನಮ್ಮ ಹೆಮ್ಮೆಗೆ ಕಾರಣ. ಗದಗಕ್ಕೆ ಬಂದು, ಲಕ್ಕುಂಡಿಯ ಗುಡಿಗಳಿಗೆ ಓಡುತ್ತಲೇ ಕೈಮುಗಿದು, ನಮ್ಮ ಕಡೆ ತಿರುಗಿಯೂ ನೋಡದೆ ಮೂಡಣಕ್ಕೆ ಹೊರಟುಬಿಡುತ್ತದೆ.

ಹೆದ್ದಾರಿ ಕಟ್ಟುವವರ ಕಡತದಲ್ಲಿ ಎರಡು ಬಗೆಯ ಜಾಗಗಳಿರುತ್ತವೆ. ಒಂದು, ಶುರುವಾಗುವ ಮತ್ತು ಮುಗಿಯುವ ಜಾಗ. ಅವಕ್ಕೆ ಹೆಸರಿರುತ್ತದೆ, ಬಂದರಿರುತ್ತದೆ, ಉದ್ಘಾಟನೆಗೆ ಮಂತ್ರಿ ಬಂದು ಇಳಿಯಲು ಹೆಲಿಪ್ಯಾಡ್ ಇರುತ್ತದೆ. ಇನ್ನೊಂದು, ನಡುವೆ ಇರುವ ಜಾಗ. ಅದಕ್ಕೆ ಕಿಲೋಮೀಟರು ಎನ್ನುತ್ತಾರೆ. ನಾವು ಆ ಕಿಲೋಮೀಟರಿನಲ್ಲಿ ಜೋಳ, ಕಡಲೆ, ಹೆಸರು, ಉಳ್ಳಾಗಡ್ಡಿ, ಹತ್ತಿ ಬೆಳೆಯುತ್ತೇವೆ.

ಮೊದಲು ನಂಬರಿನ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ರಸ್ತೆಯ ಬಗ್ಗೆ ಸರ್ಕಾರ ಮಾಡಿದ ಕೆಲಸಗಳಲ್ಲಿ ಪೂರ್ತಿ ಮುಗಿದದ್ದು ಅದೊಂದೇ. 2010ರಲ್ಲಿ ದೆಹಲಿಯವರು ದೇಶದ ಎಲ್ಲ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟರು. ಉತ್ತರ-ದಕ್ಷಿಣವಾಗಿ ಹೋಗುವವಕ್ಕೆ ಸಮಸಂಖ್ಯೆ, ಮೂಡಣ-ಪಡುವಣವಾಗಿ ಹೋಗುವವಕ್ಕೆ ಬೆಸಸಂಖ್ಯೆ. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಹೊಸಪೇಟೆ ಹಾದು ಗುತ್ತಿಗೆ ಹೋಗುತ್ತಿದ್ದ ಹಳೆಯ 63ನ್ನು ಹುಬ್ಬಳ್ಳಿಯಲ್ಲಿ ಕತ್ತರಿಸಿ, ಮೂಡಣ ತುಂಡಿಗೆ 67 ಎಂದರು, ಪಡುವಣ ತುಂಡಿಗೆ 52 ಎಂದರು. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ಹಾದು ವಿಜಯಪುರಕ್ಕೆ ಹೋಗುತ್ತಿದ್ದ 218 ಕೂಡ 52ರ ಹೊಟ್ಟೆಗೆ ಸೇರಿತು. ರಾತ್ರಿ ಮಲಗಿದಾಗ 218ರ ಬದಿಯಲ್ಲಿದ್ದ ನರಗುಂದ ಬೆಳಿಗ್ಗೆ ಏಳುವಾಗ ಪಂಜಾಬಿನ ಸಂಗ್ರೂರಿನಿಂದ ಅಂಕೋಲಾ ತನಕ ಹರಿಯುವ, 2,300 ಕಿಲೋಮೀಟರಿಗೂ ಉದ್ದದ ಹೆದ್ದಾರಿಯ ಮೇಲಿತ್ತು. ತಗ್ಗುಗಳು ಮಾತ್ರ ಹಳೆಯ ನಂಬರಿನವೇ. ಅವಕ್ಕೆ ಗೆಜೆಟ್ ತಲುಪಿರಲಿಲ್ಲ.

ಗಜೇಂದ್ರಗಡದ ಭಾಗ್ಯ ಬೇರೆ. ಅದಕ್ಕೆ ಸಿಕ್ಕಿದ್ದು 367. ಮೂರಂಕಿಯ ಹೆದ್ದಾರಿ ಎಂದರೆ ಎರಡಂಕಿಯ ಹೆದ್ದಾರಿಯ ಕವಲು. ಕೊಪ್ಪಳದ ಕಡೆ ಭಾನಾಪುರದ ಹತ್ತಿರ 67ರಿಂದ ಕವಲೊಡೆದು, ಕುಕನೂರು, ಗಜೇಂದ್ರಗಡ ಹಾದು, ಬಾಗಲಕೋಟೆ ಕಡೆಗೆ ಹೋಗಿ, ಗದ್ದನಕೇರಿಯಲ್ಲಿ 52ಕ್ಕೆ ಕೂಡಿಕೊಳ್ಳುತ್ತದೆ. ಕವಲಾದರೂ ರಾಷ್ಟ್ರೀಯವೇ, ಪಾಟಿಯ ಮೇಲೆ ನಂಬರು ಬರೆದಿದೆ. ರೋಣದವರ ಸಂಕಟ ಇಲ್ಲೇ ಇರುವುದು. 2018ರ ತನಕ ಗಜೇಂದ್ರಗಡ ರೋಣ ತಾಲ್ಲೂಕಿನಲ್ಲೇ ಇತ್ತು. ತಾಲ್ಲೂಕು ಬೇರೆಯಾದಾಗ ಕೋಟೆ, ಕಾಲಕಾಲೇಶ್ವರ, ನೇಕಾರರ ಮಗ್ಗ, ಜೊತೆಗೆ ಹೆದ್ದಾರಿ ಎಲ್ಲ ಅವರ ಪಾಲಿಗೆ ಹೋಯಿತು. ರಸ್ತೆ ಒಂದಿಂಚೂ ಅಲುಗಲಿಲ್ಲ, ಆದರೂ ರೋಣದವರ ಕೈತಪ್ಪಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಬಾವಿ ಹೋದ ಉದಾಹರಣೆ ಉಂಟು, ಹೆದ್ದಾರಿ ಹೋದದ್ದು ಇದೇ ಇರಬೇಕು. ಅಂದಹಾಗೆ ರೋಣಕ್ಕೆ ಇದು ಹೊಸದಲ್ಲ. ಅದರ ರೈಲ್ವೆ ಸ್ಟೇಷನ್ನೂ ರೋಣದಲ್ಲಿಲ್ಲ, ಮಲ್ಲಾಪುರದಲ್ಲಿದೆ.

ನಂಬರಿನ ಮಾತು ಮುಗಿಯಿತು. ಈಗ ಕಡಲಿನ ಮಾತು.

ನಮ್ಮ ಎರಿ ಭೂಮಿಗೂ ಕಡಲಿಗೂ ನಂಟು ಹಳೆಯದು. ಈ ನಂಟಿನಲ್ಲಿ ಕೊಡುವವರು ಯಾವಾಗಲೂ ನಾವೇ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಾಟ್ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬೈ, ಅಲ್ಲಿಂದ ಲಿವರ್‌ಪೂಲ್ ಸೇರುತ್ತಿತ್ತು. ಬಿತ್ತಿದವರು, ಕಳೆ ತೆಗೆದವರು, ಬಿಡಿಸಿದವರು ನಾವು. ಪೇಟೆಯಲ್ಲಿ ಅದರ ಹೆಸರು ಮಾತ್ರ ಕುಮಟಾ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ಒದ್ದಾಡಿದಾಗ ಇಂಗ್ಲಿಷರಿಗೆ ನಮ್ಮ ರಸ್ತೆಗಳ ಬಗ್ಗೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಕಾರವಾರ ಬಂದರನ್ನು ಮುಂಬೈನ ಹತ್ತಿ ವ್ಯಾಪಾರಿಗಳ ಕೈಗೆ ಹತ್ತಿರ ಮಾಡಲೆಂದು 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮುಂಬೈ ಪ್ರೆಸಿಡೆನ್ಸಿಗೆ ಹಚ್ಚಿದರು. ಒಂದು ಬಂದರಿಗಾಗಿ ಇಡೀ ಜಿಲ್ಲೆಯನ್ನೇ ಎತ್ತಿಟ್ಟವರು ಇವರು. ಹತ್ತಿ ಬೆಳೆದ ಹಳ್ಳಿಯಿಂದ ಆ ಬಂದರಿನ ರಸ್ತೆಗೆ ಹೋಗುವ ದಾರಿಯಲ್ಲಿ ಚಕ್ಕಡಿಯ ಗಾಲಿ ಹೂತರೆ ಅದು ಎತ್ತಿನ ಕರ್ಮ.

ಆಮೇಲೆ ರೈಲು ಬಂತು. ಆ ಶತಮಾನ ಮುಗಿಯುವಷ್ಟರಲ್ಲಿ ಮರ್ಮಗೋವಾ ಬಂದರಿನಿಂದ ಹುಬ್ಬಳ್ಳಿ, ಗದಗ, ಬಳ್ಳಾರಿ, ಗುಂತಕಲ್ಲು ಹಾದು ಬೆಜವಾಡದ ತನಕ ಹಳಿ ಬಿದ್ದಿತ್ತು. 67ನೇ ಹೆದ್ದಾರಿ ಎಂಬ ಹೊಸ ಕನಸಿನ ಅಜ್ಜ ಅದೇ. 1884ರಲ್ಲಿ ಹೋಟಗಿಯಿಂದ ಗದಗಕ್ಕೆ ಬಂದ ಹಳಿ ಹೊಳೆಆಲೂರು, ಮಲ್ಲಾಪುರ ಮುಟ್ಟಿಕೊಂಡು ಬಂತು. ನಮ್ಮ ಕಡೆಯ ಒಬ್ಬ ಹುಡುಗನಿಗೆ ರೈಲಿನ ಪೂರ್ತಿ ಲಾಭ ಸಿಕ್ಕಿತು ಎನ್ನಬೇಕು. ಭೀಮಸೇನ ಜೋಶಿ ಅಂತ ಅವನ ಹೆಸರು. ರೋಣದವರು ನಮ್ಮಲ್ಲಿ ಹುಟ್ಟಿದ ಎನ್ನುತ್ತಾರೆ, ಗದಗದವರು ನಮ್ಮಲ್ಲಿ ಎನ್ನುತ್ತಾರೆ. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು, ರೈಲು ಹತ್ತಿ, ಗ್ವಾಲಿಯರ್ ತನಕ ಹೋದ. ಕೊನೆಗೆ ಭಾರತರತ್ನವಾದ. ಇಲ್ಲಿಂದ ಹೊರಗೆ ಹೋಗುವ ದಾರಿಗಳು ಯಾವಾಗಲೂ ಚೆನ್ನಾಗಿಯೇ ಇದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹತ್ತಿಯ ಕಾಲ ಹೋಗಿ ಅದಿರಿನ ಕಾಲ ಬಂದಾಗ ಈ ರಸ್ತೆಗೆ ನಿಜವಾದ ಯೌವನ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ಕಬ್ಬಿಣ ಕೇಳಿತು, ಬಳ್ಳಾರಿ-ಹೊಸಪೇಟೆಯ ಗುಡ್ಡಗಳು ಲಾರಿ ಹತ್ತಿದವು. ಅರ್ಧ ಗುಡ್ಡ ಪಡುವಣಕ್ಕೆ, ಅರ್ಧ ಮೂಡಣಕ್ಕೆ. ಪಡುವಣದವು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಹಾದು ಅಂಕೋಲಾ ಹತ್ತಿರದ ಬೇಲೆಕೇರಿಗೆ ಇಳಿದವು. ಮೂಡಣದವು ಕೃಷ್ಣಪಟ್ಟಣಂ, ಚೆನ್ನೈ ಕಡೆ. ಒಂದು ದೇಶ ತನ್ನ ಗುಡ್ಡವನ್ನು ಎರಡೂ ಸಮುದ್ರಕ್ಕೆ ಏಕಕಾಲಕ್ಕೆ ಸುರಿದ ಉದಾಹರಣೆ ಪುರಾಣದಲ್ಲೂ ಇಲ್ಲ. ಅಲ್ಲಿ ಗುಡ್ಡದಿಂದ ಕಡಲು ಕಡೆದರೆ ಅಮೃತವಾದರೂ ಬರುತ್ತಿತ್ತು. ಗದಗದ ಕೋರ್ಟಿಗೆ, ದವಾಖಾನೆಗೆ ಹೋದ ನಮ್ಮವರು ಲಾರಿ ಸಾಲಿನ ಹಿಂದೆ ನಿಂತು ಕೆಂಪು ಧೂಳು ನುಂಗಿದರು. ಬಿಳಿ ಧೋತರದಲ್ಲಿ ಹೋದ ಹಿರಿಯರು ಹೋಳಿ ಆಡಿ ಬಂದವರಂತೆ ಮನೆಗೆ ಬಂದರು.

2010ರಲ್ಲಿ ಅರಣ್ಯ ಇಲಾಖೆ ಬೇಲೆಕೇರಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ಅದಿರು ಕಾವಲಿನಲ್ಲಿದ್ದೇ ನಾಪತ್ತೆಯಾಯಿತು. ಮರುವರ್ಷ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಮುಖ್ಯಮಂತ್ರಿಯ ಕುರ್ಚಿ ಹೋಯಿತು, ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು. ನಮ್ಮ ಸೀಮೆಯಲ್ಲಿ ಒಬ್ಬ ಹುಡುಗ ಹೊಲದ ಬದುವಿನ ಬೇವಿನ ಟೊಂಗೆ ಕಡಿದರೆ ಅರಣ್ಯ ಇಲಾಖೆಯ ಜೀಪು ಅದೇ ದಿನ ಬರುತ್ತದೆ. ಗುಡ್ಡವೇ ರಸ್ತೆ ಮೇಲೆ ನಡೆದುಕೊಂಡು ಹೋದಾಗ ಯಾರಿಗೂ ಕಾಣಲಿಲ್ಲ. ದೊಡ್ಡದನ್ನು ಸಾಗಿಸುವುದಕ್ಕೇ ಅಲ್ಲವೇ ದೊಡ್ಡ ರಸ್ತೆ.

ಹತ್ತಿ, ಅದಿರು ದೊಡ್ಡವರ ಸರಕು. ನಮ್ಮ ಸ್ವಂತ ಸರಕು ಉಳ್ಳಾಗಡ್ಡಿ. ಅದು ಈ ರಸ್ತೆಗಳ ಮೇಲೆ ಹೋದರೆ ಏನಾಗುತ್ತದೆ ಎಂಬ ಲೆಕ್ಕ ಒಂದು ಚೀಟಿಯ ಮೇಲೆ ಇಡೀ ದೇಶಕ್ಕೆ ಗೊತ್ತಾಯಿತು. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ 205 ಕಿಲೋ ಉಳ್ಳಾಗಡ್ಡಿ ಒಯ್ದರು. ಕ್ವಿಂಟಲಿಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಅದರಲ್ಲಿ ಹಮಾಲಿ 24 ರೂಪಾಯಿ. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ. ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ.

ಈ ಚೀಟಿಯನ್ನು ನಗುತ್ತ ಹಂಚಿಕೊಂಡವರು ಬಹಳ. ನನಗೆ ಅದರಲ್ಲಿ ಕಾಣುವುದು ಹೆದ್ದಾರಿ ಯೋಜನೆಯ ಯಶಸ್ಸು. ಬೆಳೆದವನಿಗೆ ನೂರಕ್ಕೆ ಎರಡು, ರಸ್ತೆಯ ಮೇಲೆ ಓಡಿದವನಿಗೆ ನೂರಕ್ಕೆ ತೊಂಬತ್ತೆರಡು. ಬೀಜ, ಗೊಬ್ಬರ, ಆಳು, ನೀರು, ಮೂರು ತಿಂಗಳ ನಿದ್ದೆ, ಇವಕ್ಕೆಲ್ಲ ಸೇರಿ ಎಂಟು ರೂಪಾಯಿ ಚಿಲ್ಲರೆ. ಹೊಲ ಮತ್ತು ಮಂಡಿಯ ನಡುವಿನ ಕಿಲೋಮೀಟರುಗಳಿಗೆ ಮುನ್ನೂರ ಎಪ್ಪತ್ತೇಳು. ಲಾರಿಯವನನ್ನು ಬೈಯುವಂತೆಯೂ ಇಲ್ಲ. ಅವನಿಗೆ ಡೀಸೆಲ್ಲು ಇದೆ, ಟಾಯರು ಇದೆ, ಟೋಲ್ ಇದೆ. ಟೋಲಿನವನು ಫಾಸ್ಟ್ಯಾಗ್ ಓದುತ್ತಾನೆ. ಅದರ ಯಂತ್ರಕ್ಕೆ ಒಳಗಿರುವುದು ಪಾಮ್ ಎಣ್ಣೆಯೋ ಕೊಳೆಯುತ್ತಿರುವ ಉಳ್ಳಾಗಡ್ಡಿಯೋ ತಿಳಿಯುವುದಿಲ್ಲ. ಈ ಪಾಮ್ ಎಣ್ಣೆಯ ಮಾತು ಸುಮ್ಮನೆ ಬಂದದ್ದಲ್ಲ. ಕೃಷ್ಣಪಟ್ಟಣಂ ಸುತ್ತ ಪರದೇಶದ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳು ಸಾಲುಗಟ್ಟಿ ನಿಂತಿವೆ. ನಮ್ಮ ಹೊಲದ ಶೇಂಗಾ, ಸೂರ್ಯಕಾಂತಿಯ ಎದುರು ನಿಲ್ಲುವ ಎಣ್ಣೆ ಹಡಗಿನಲ್ಲಿ ಬಂದು ಇಳಿಯುವುದು ಅಲ್ಲೇ. ಎರಡೂ ಕಡೆ ಹರಿಯುವ ರಸ್ತೆ ಎಂದರೆ ಇದೇ: ಇಲ್ಲಿಂದ ಗುಡ್ಡ ಹೋಗಬೇಕು, ಅಲ್ಲಿಂದ ಎಣ್ಣೆ ಬರಬೇಕು, ನಡುವೆ ಇದ್ದವರು ಜಾಗ ಬಿಡಬೇಕು.

ಜಾಗ ಬಿಡುವುದು ನಮಗೆ ರೂಢಿ. 1787ರಲ್ಲಿ ಗಜೇಂದ್ರಗಡದಲ್ಲಿ ಟಿಪ್ಪುವಿಗೂ ಮರಾಠರಿಗೂ ಒಂದು ಒಪ್ಪಂದವಾಯಿತು. ಟಿಪ್ಪು ಬಾದಾಮಿ, ಕಿತ್ತೂರು, ನರಗುಂದವನ್ನು ಬಿಟ್ಟುಕೊಟ್ಟ. ಗಜೇಂದ್ರಗಡದಲ್ಲಿ ಬರೆದ ಕಾಗದದಲ್ಲಿ ನರಗುಂದ ಕೈ ಬದಲಾಯಿಸಿತು. ನರಗುಂದದವರನ್ನು ಕೇಳಿದ ದಾಖಲೆ ಇಲ್ಲ. ಆ ಕಾಗದವನ್ನು ನಮ್ಮ ಸೀಮೆಯ ಮೊದಲ ಯೋಜನಾ ವರದಿ ಎಂದು ಪಠ್ಯಪುಸ್ತಕದಲ್ಲಿ ಸೇರಿಸಬೇಕು. ಈಗಿನ ವರದಿಗಳಿಗೆ ಅಷ್ಟು ಧೈರ್ಯವಿಲ್ಲ, ಅವು ಮೊದಲು ನೋಟಿಸು ಕೊಡುತ್ತವೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ 3ಎ ಎಂದರೆ ನಿಮ್ಮ ಹೊಲ ಬೇಕು ಎಂಬ ಇಚ್ಛೆ, 3ಡಿ ಎಂದರೆ ಹೊಲ ಸರ್ಕಾರದ್ದಾಯಿತು ಎಂಬ ಘೋಷಣೆ. ಇವೆರಡರ ನಡುವೆ ಆಕ್ಷೇಪಣೆ ಸಲ್ಲಿಸಲು 21 ದಿನ ಇರುತ್ತದೆ. ನೋಟಿಸಿನ ಪತ್ರಿಕೆ ಹಳ್ಳಿಗೆ ಮುಟ್ಟಿ, ಮಿರ್ಚಿ ಕಟ್ಟಲು ಬಳಕೆಯಾಗಿ, ಎಣ್ಣೆಯ ಕಲೆಯ ನಡುವೆ ತನ್ನ ಸರ್ವೆ ನಂಬರು ರೈತನ ಕಣ್ಣಿಗೆ ಬೀಳಲು 22 ದಿನ ಬೇಕು.

ಹಳೆಯ ಹೆದ್ದಾರಿ ಸಾಲದೆಂದು ಈಗ ಪಣಜಿ-ಹೈದರಾಬಾದ್ ಕಾರಿಡಾರ್ ಬರುತ್ತಿದೆ. ಬೆಳಗಾವಿ, ಹುನಗುಂದ, ರಾಯಚೂರು, ನಂಬರು 748ಎ. ಅದು ನಮ್ಮ ಉತ್ತರಕ್ಕೆ. ದಕ್ಷಿಣಕ್ಕೆ 67. ಎರಡರ ನಡುವೆ ನಾವು ಸುರಕ್ಷಿತವಾಗಿದ್ದೇವೆ. ಹಳೆಯ ರಸ್ತೆ ಅಗಲ ಮಾಡಿದರೆ ಊರು ಅಡ್ಡ ಬರುತ್ತವೆ ಎಂದು ಹೊಸ ರಸ್ತೆಗಳನ್ನು ನೇರ ಹೊಲದ ಮೇಲೆಯೇ ಎಳೆಯುತ್ತಾರೆ, ಎರಡೂ ಬದಿಗೆ ಬೇಲಿ ಹಾಕುತ್ತಾರೆ. ಅಂಥ ಹೊಲದಲ್ಲಿ ಕಲ್ಲು ನೆಡಲು ಬಂದ ಸಾಹೇಬರಿಗೂ ಹೊಲದ ಯಜಮಾನನಿಗೂ ಆಗುವ ಮಾತು ಎಲ್ಲ ತಾಲ್ಲೂಕಿನಲ್ಲೂ ಹೀಗೇ ಇರಬೇಕು:

"ಯಜಮಾನ್ರ, ಇಲ್ಲಿ ದೊಡ್ಡ ರಸ್ತೆ ಬರತೈತ್ರೀ."

"ಬರಲಿ ಬಿಡ್ರಿ ಸಾಹೇಬ್ರ. ಎಲ್ಲಿಂದ ಬರತೈತಿ?"

"ಪಣಜಿಯಿಂದ."

"ಎಲ್ಲಿಗಿ ಹೊಂಟೈತಿ?"

"ಹೈದರಾಬಾದಿಗೆ."

"ನಮ್ಮೂರಾಗ ನಿಂದರತೈತೇನ್ರೀ?"

"ಇಲ್ರೀ. ನಿಂದರಬಾರ್ದು ಅಂತಲೇ ಇಷ್ಟು ರೊಕ್ಕ ಸುರಿಯಾಕತ್ತೇವಿ."

"ಮತ್ತ ನಾ ಆಚೀ ಕಡೆ ಹೊಲಕ್ಕ ಹೆಂಗ ಹೋಗ್ಲಿರೀ?"

"ಮುಂದ ಅಂಡರ್‌ಪಾಸ್ ಐತಿ. ಸುತ್ತು ಹಾಕ್ಕೊಂಡು ಬರ್ರಿ. ನಡದ್ರ ಸಕ್ಕರಿ ಕಾಯಿಲೆ ಬರೂದಿಲ್ಲ."

ಇನ್ನು ನಮ್ಮ ಮಣ್ಣಿನ ಬಗ್ಗೆ ಎಂಜಿನಿಯರುಗಳು ಹೇಳುವುದನ್ನೂ ಕೇಳಬೇಕು, ಅದರಲ್ಲಿ ಸತ್ಯವಿದೆ. ಎರಿ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಆರಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಮೇಲೆ ಕೆಳಗೆ ಆಡಿ ಸೀಳುತ್ತದೆ, ಸೀಳಿದಲ್ಲಿ ನೀರು ಇಳಿಯುತ್ತದೆ, ನೀರು ಇಳಿದಲ್ಲಿ ತಗ್ಗು ಹುಟ್ಟುತ್ತದೆ. ಮದ್ದು ಅವರಿಗೂ ಗೊತ್ತು, ನಮ್ಮ ಗೌಂಡಿಗೂ ಗೊತ್ತು: ಎರಿ ಅಗೆದು ತೆಗೆಯಬೇಕು, ಗರಸು ತುಂಬಿ ಕುಟ್ಟಬೇಕು, ಖಡಿ ಹಾಕಬೇಕು, ಬದಿಯಲ್ಲಿ ನೀರು ನಿಲ್ಲದಂತೆ ಗಟಾರು ತೋಡಬೇಕು. ಎರಡು ಬಂದರುಗಳ ನಡುವಿನ ರಸ್ತೆಗೆ ಇದನ್ನೆಲ್ಲ ಮಾಡುತ್ತಾರೆ. ಹಳ್ಳಿಯ ರಸ್ತೆಗೆ ಬಂದಾಗ ಎರಿ ಮಣ್ಣಿನ ಗುಣ ದಿಢೀರನೆ ದೈವೇಚ್ಛೆಯಾಗುತ್ತದೆ. "ನಿಮ್ಮ ಮಣ್ಣ ಹಿಂಗೈತ್ರೀ, ಏನ್ ಮಾಡೂದು?" ಮಣ್ಣು ಹೀಗಿರುವುದರಿಂದಲೇ ಒಂದು ಒಳ್ಳೆ ಮಳೆಗೆ ಹಿಂಗಾರಿ ಜೋಳ ಬರುತ್ತದೆ ಎಂದರೆ ಅದು ಲೋಕೋಪಯೋಗಿ ಇಲಾಖೆಯ ವಿಷಯವಲ್ಲ. ಚಕ್ಕಡಿ ರಸ್ತೆಗಳಿಗೆ 'ನಮ್ಮ ಹೊಲ ನಮ್ಮ ದಾರಿ' ಅಂತ ಚೆಂದದ ಹೆಸರಿನ ಯೋಜನೆ ಬಂತು. ಮಳೆ ಬಂದ ಮಾರನೆಯ ದಿನ ನೋಡಿದರೆ ಹೊಲ ಯಾವುದು, ದಾರಿ ಯಾವುದು ಗುರುತು ಸಿಗುವುದಿಲ್ಲ. ಎರಡೂ ನಮ್ಮವೇ ಆದ್ದರಿಂದ ಜಗಳವಿಲ್ಲ.

ಗಜೇಂದ್ರಗಡ, ನರೇಗಲ್ ಕಡೆ ಹೋದವರು ಒಂದು ಪವಾಡ ನೋಡಿರುತ್ತಾರೆ. ಟಂಟಂ ಹೋಗಲಾರದ ದಾರಿಯಲ್ಲಿ ಅರವತ್ತು-ಎಪ್ಪತ್ತು ಮೀಟರು ಉದ್ದದ ರೆಕ್ಕೆ ಹೊತ್ತ ಟ್ರೇಲರ್ ಹೋಗುತ್ತದೆ. ಗಾಳಿ ಕಂಪನಿಯ ರೆಕ್ಕೆ ಬರುತ್ತದೆ ಎಂದರೆ ಬೇವಿನ ಟೊಂಗೆ ತಾನಾಗಿ ಕೆಳಗೆ ಬೀಳುತ್ತದೆ, ಕರೆಂಟ್ ತಂತಿ ಮೇಲಕ್ಕೆ ಏಳುತ್ತದೆ, ತಿರುವಿನ ಪಾನ್ ಡಬ್ಬಿ ಹಿಂದೆ ಸರಿಯುತ್ತದೆ, ವರ್ಷಗಳಿಂದ ಮನವಿ ಕೊಟ್ಟ ತಗ್ಗಿಗೆ ಒಂದು ರಾತ್ರಿಯಲ್ಲಿ ಗರಸು ಬೀಳುತ್ತದೆ. ಬಸುರಿ ಹೆಂಗಸನ್ನು ಗದಗದ ದವಾಖಾನೆಗೆ ಒಯ್ಯಬೇಕಾದರೆ ಇನ್ನು ಮುಂದೆ ಅವಳನ್ನು ಫ್ಯಾನಿನ ರೆಕ್ಕೆಗೆ ಕಟ್ಟಿ ಒಯ್ಯುವುದು ಒಳ್ಳೆಯದು. ಆ ಫ್ಯಾನಿನ ಕರೆಂಟು ಎತ್ತರದ ಗೋಪುರ ಹಿಡಿದು ಎತ್ತಲೋ ಹೋಗುತ್ತದೆ. ಅದರ ಕೆಳಗಿನ ಹೊಲದ ಪಂಪ್‌ಸೆಟ್ಟಿಗೆ ಮೂರು ಫೇಸ್ ಏಳೇ ತಾಸು, ಅದೂ ಬಹಳ ಸಲ ನಡುರಾತ್ರಿ.

ಹೆದ್ದಾರಿಯಿಂದ ನಮಗೆ ಏನೂ ಲಾಭವಿಲ್ಲ ಎಂದರೆ ಕೃತಘ್ನತೆಯಾದೀತು. ಒಂದು ಲಾಭ ಇದೆ. ಹೆಸರು, ಸಜ್ಜಿ, ಹುರುಳಿ ಬಂದಾಗ ನಮ್ಮವರು ಅದನ್ನು ಹೆದ್ದಾರಿಯ ಮೇಲೆ ಹರವುತ್ತಾರೆ. ಕಣ ಮಾಡುವ ಖರ್ಚಿಲ್ಲ, ಎತ್ತಿಲ್ಲ, ರೂಲಕಲ್ಲಿಲ್ಲ. ಸಂಗ್ರೂರಿನಿಂದ ಬಂದ ಸರದಾರ್ಜಿಯ ಹದಿನಾಲ್ಕು ಗಾಲಿಯ ಲಾರಿ ಹಾದುಹೋಗುತ್ತದೆ, ಕಾಯಿ ಒಡೆದು ಕಾಳು ಉದುರುತ್ತದೆ. ಪಂಜಾಬಿನ ಬಂಡವಾಳ ನರಗುಂದದ ಕೃಷಿಗೆ ಹೀಗೆ ನೇರವಾಗಿ ಹರಿಯುತ್ತಿರುವುದನ್ನು ಯಾವ ಅರ್ಥಶಾಸ್ತ್ರಜ್ಞನೂ ಇನ್ನೂ ದಾಖಲಿಸಿಲ್ಲ. ಪೊಲೀಸರಿಗೆ ಇದು ಅಪಘಾತದ ಕಾರಣ. ಬೈಕಿನವರು ಜಾರಿ ಬಿದ್ದದ್ದೂ ಸುಳ್ಳಲ್ಲ, ಅದನ್ನು ಸಮರ್ಥಿಸಲಾರೆ. ಆದರೆ ಗೋವಾದಿಂದ ಆಂಧ್ರದ ತನಕ, ಪಂಜಾಬಿನಿಂದ ಅಂಕೋಲಾ ತನಕ ಇಷ್ಟೊಂದು ಡಾಂಬರು ಹಾಸಿದ ಸರ್ಕಾರ ಊರಿಗೊಂದು ಸಿಮೆಂಟಿನ ಕಣ ಹಾಸಿದ್ದರೆ ನಮ್ಮ ಹೆಸರುಕಾಳಿಗೆ ರಾಷ್ಟ್ರೀಯ ಹೆದ್ದಾರಿಯ ಗ್ರೀಸು ವಾಸನೆ ಬರುತ್ತಿರಲಿಲ್ಲ.

ನರಗುಂದದವರು ಹೆದ್ದಾರಿಯ ಇನ್ನೊಂದು ಉಪಯೋಗ ಕಂಡುಹಿಡಿದಿದ್ದಾರೆ, ಅದು ತಡೆಯುವುದು. ಈ ಊರಿಗೆ ಹಾದುಹೋಗುವವರನ್ನು ನಿಲ್ಲಿಸುವ ಚರಿತ್ರೆಯೇ ಇದೆ. 1858ರ ಮೇ ತಿಂಗಳಲ್ಲಿ ಇಲ್ಲಿಯ ಅರಸ ಬಾಬಾಸಾಹೇಬ, ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ತೆಗೆದು ಊರಬಾಗಿಲಿಗೆ ಕಟ್ಟಿದ. ಮುಂದಿನ ತಿಂಗಳು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೆ ಹಾಕಿದರು. 1980ರ ಜುಲೈ 21ರಂದು ಮಲಪ್ರಭೆಯ ನೀರು ಹೊಲಕ್ಕೆ ಬಾರದಿದ್ದರೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೈತರು ಬೀದಿಗೆ ಬಂದರು. ನರಗುಂದ, ನವಲಗುಂದದಲ್ಲಿ ಗೋಲಿಬಾರಾಯಿತು, ರೈತರು ಸತ್ತರು, ಗುಂಡೂರಾಯರ ಸರ್ಕಾರ ಅಲುಗಿತು, ರಾಜ್ಯದಲ್ಲಿ ರೈತ ಚಳವಳಿ ಎದ್ದು ನಿಂತಿತು. ಈಗ ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು ವೀರಗಲ್ಲಿಗೆ ಮಾಲೆ ಹಾಕಿ, ಅದೇ ಹೆದ್ದಾರಿಯಲ್ಲಿ ಊಟಕ್ಕೆ ಮೊದಲೇ ಹುಬ್ಬಳ್ಳಿ ಸೇರುತ್ತಾರೆ. ರಸ್ತೆ ಅಗಲವಾದ ಮೇಲೆ ಈ ಗೌರವ ಸಲ್ಲಿಕೆಗೆ ಬಹಳ ಅನುಕೂಲವಾಗಿದೆ.

2015ರ ಜುಲೈನಲ್ಲಿ ಮತ್ತೆ ಪೆಂಡಾಲು ಬಿತ್ತು, ಈ ಸಲ ಮಹದಾಯಿ ನದಿಯ ನೀರಿಗೆ. ಧರಣಿ ವರ್ಷಗಟ್ಟಲೆ ನಡೆಯಿತು. ಪೆಂಡಾಲಿನಲ್ಲಿ ಕೂತಿದ್ದಾಗ ಬೆಂಗಳೂರಿಗೆ ಕೇಳಿಸಲಿಲ್ಲ. ರಸ್ತೆಯ ಮೇಲೆ ಕೂತು ಸೋಲಾಪುರದ ಲಾರಿ ನಿಂತಾಗ ಟಿವಿಯವರ ವ್ಯಾನು ಬಂತು. ಊರಿನ ಬಾಯಾರಿಕೆ ಸುದ್ದಿಯಲ್ಲ, ಸರಕಿನ ವಿಳಂಬ ಸುದ್ದಿ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ಅದರಲ್ಲಿ 8.02 ವಿದ್ಯುತ್ತಿಗೆ. ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ ಮಲಪ್ರಭೆಗೆ ತಿರುಗಬೇಕಾದ ನೀರು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು, ಪೇಟೆಯಲ್ಲಿ ಪೇಢೆ ಹಂಚಿದರು. ಆ ಕಡತ ಅಲ್ಲಿಂದ ಅರಣ್ಯ, ವನ್ಯಜೀವಿ ಅನುಮತಿಯ ಕಾಡು ಹೊಕ್ಕಿತು. ಪಣಜಿಯ ಹೆದ್ದಾರಿ ಹೋಗುವುದೂ ಕಳಸಾ, ಬಂಡೂರಿ ಹುಟ್ಟುವ ಅದೇ ಖಾನಾಪುರ ತಾಲ್ಲೂಕಿನ ಮೇಲೆಯೇ. ಅಲ್ಲಿ ಲಾರಿ ಘಾಟ್ ಇಳಿಯುತ್ತದೆ, ಘಾಟ್ ಏರುತ್ತದೆ. ಗೋವಾದ ಮೀನು ಐಸಿನಲ್ಲಿ ಮಲಗಿ ಮೇಲೆ ಬಂದು ಹುಬ್ಬಳ್ಳಿಯ ಪೇಟೆ ಸೇರುತ್ತದೆ. ನೀರು ಮಾತ್ರ ಇಳಿಯಬಹುದು, ಇತ್ತ ತಿರುಗಬಾರದು. ಮಹದಾಯಿಗೂ ಒಂದು ಹೆದ್ದಾರಿ ನಂಬರು ಕೊಟ್ಟು ನೋಡಬೇಕಿತ್ತು.

ನೀರು ತಾನಾಗಿ ಬಂದಾಗ ಏನಾಗುತ್ತದೆ ಎಂಬುದೂ ಗೊತ್ತಿದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನ ಗೇಟು ತೆಗೆದರು, ಮಲಪ್ರಭೆ ಕೊಣ್ಣೂರಿನಲ್ಲಿ ಹೆದ್ದಾರಿಯನ್ನೇ ಮುಳುಗಿಸಿದಳು, ಹುಬ್ಬಳ್ಳಿ-ವಿಜಯಪುರದ ಸಂಚಾರ ಬಂದ್ ಆಯಿತು. ರೋಣ ತಾಲ್ಲೂಕಿನಲ್ಲಿ ಹೊಳೆಆಲೂರು, ಮೆಣಸಗಿಯ ಮನೆಗಳಿಗೆ ನೀರು ಹೊಕ್ಕಿತು. ಬೆಣ್ಣೆಹಳ್ಳ ಹೆಸರು ಮರೆತು ಹರಿಯಿತು. ನರಗುಂದ ಪೇಟೆಯಲ್ಲಿ ಹಳೆಯ ಹಗೇವುಗಳಿಗೆ ನೀರು ಇಳಿದು ಮನೆಯ ನೆಲವೇ ಕುಸಿಯತೊಡಗಿತು. ಅಧಿಕಾರಿಗಳು ಮೊದಲು ಸರಿಮಾಡಿದ್ದು ಸೇತುವೆಯ ಬದಿಯ ರಸ್ತೆಯನ್ನು. ಸಂಗ್ರೂರಿನಿಂದ ಹೊರಟವರು ಕಾಯುತ್ತಿದ್ದರಲ್ಲ.

ಹೀಗೆಲ್ಲ ಬರೆದರೆ ಅಭಿವೃದ್ಧಿ ವಿರೋಧಿ ಎನ್ನುವವರಿದ್ದಾರೆ. ಕಡಲಿನಿಂದ ಕಡಲಿಗೆ ರಸ್ತೆ ಬೇಡ ಎಂದು ಇಲ್ಲಿ ಯಾರೂ ಹೇಳಿಲ್ಲ. ನಾಲ್ಕು ಪಥವಿದ್ದದ್ದು ಆರಾಗಲಿ, ಆರು ಎಂಟಾಗಲಿ, ಪಣಜಿಯವರು ತಂಗಳನ್ನ ಕಟ್ಟಿಕೊಂಡು ಹೊರಟು ಅದು ಹಳಸುವ ಮೊದಲೇ ನೆಲ್ಲೂರು ಮುಟ್ಟಲಿ. ಅದಕ್ಕೆ ಮೊದಲು ಜಿಲ್ಲೆಯ ಶಾಸಕರು, ಸಂಸದರು, ಎಂಜಿನಿಯರುಗಳು ಒಂದು ಕೆಲಸ ಮಾಡಿಕೊಡಬೇಕು. ರೋಣ, ನರಗುಂದ, ಗಜೇಂದ್ರಗಡದ ಯಾವುದಾದರೂ ಹಳ್ಳಿಯಲ್ಲಿ, ಉಳ್ಳಾಗಡ್ಡಿ ಹೊಲದಿಂದ ಡಾಂಬರು ರಸ್ತೆಯ ತನಕ ಇರುವ ಒಂದೇ ಒಂದು ಚಕ್ಕಡಿ ದಾರಿಯನ್ನು ಆರಿಸಿ, ಎರಿ ಅಗೆದು, ಗರಸು ತುಂಬಿ, ಖಡಿ ಹಾಕಿ, ಗಟಾರು ತೋಡಿ, ಎರಡು ಮಳೆಗಾಲ ತಡೆಯುವ ಹಾಗೆ ಕಟ್ಟಿ ತೋರಿಸಲಿ. ಅದಕ್ಕೆ ರಾಷ್ಟ್ರೀಯ ನಂಬರು ಬೇಕಾಗಿಲ್ಲ, ಉದ್ಘಾಟನೆಗೆ ಮಂತ್ರಿಯೂ ಬೇಕಾಗಿಲ್ಲ. ಬರಲೇಬೇಕು ಎಂದು ಹಟ ಹಿಡಿದರೆ ಮಳೆ ಬಿದ್ದ ಮಾರನೆಯ ದಿನ ಬರಲಿ, ಕಾರಿನಲ್ಲೇ ಬರಲಿ.